ಸಭಾಪಾಲಕರ ತಪ್ಪು ಕಂಡಾಗ ಸುಮ್ಮನಿರುವುದು ನಮ್ರತೆಯೇ?

ಪ್ರಶ್ನೆ: ಹದಿನಾಲ್ಕು ವರ್ಷಗಳಿಂದ ಒಂದೇ ಸಭೆಯಲ್ಲಿದ್ದೇನೆ, ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸುತ್ತೇನೆ. ಮೂರು ವರ್ಷಗಳ ಹಿಂದೆ ಬಂದ ನಮ್ಮ ಸಭಾಪಾಲಕರಿಗೆ ಮೂಗಿನ ತುದಿಯಲ್ಲೇ ಕೋಪ. ಕಳೆದ ತಿಂಗಳು ಆರಾಧನೆಗೆ ತಡವಾಗಿ ಬಂದ ವೃದ್ಧೆಯೊಬ್ಬರನ್ನು ವೇದಿಕೆಯ ಮೇಲಿಂದಲೇ ಗದರಿಸಿದರು. ಆಕೆ ಅಳುತ್ತಾ ಮನೆಗೆ ಹೋದರು. ಕಟ್ಟಡ ನಿಧಿಯ ಲೆಕ್ಕವನ್ನೂ ಒಂದೂವರೆ ವರ್ಷದಿಂದ ಸಭೆಯ ಮುಂದೆ ಇಟ್ಟಿಲ್ಲ. ಇವೆರಡನ್ನೂ ಮಹಿಳೆಯರ ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡೆ. ಅದು ಸಭೆಯ ಹಿರಿಯರೊಬ್ಬರ ಕಿವಿಗೆ ಬಿತ್ತು. ‘ದೇವರ ಅಭಿಷಿಕ್ತನನ್ನು ಮುಟ್ಟಬೇಡಿ. ಮಿರ್ಯಾಮಳಿಗೆ ಏನಾಯಿತೆಂದು ನೆನಪಿರಲಿ. ತೀರ್ಪು ಮಾಡಬೇಡಿರಿ ಎಂದು ಯೇಸುವೇ ಹೇಳಿದ್ದಾನೆ’ ಎಂದರು. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಪ್ರಸಂಗಕ್ಕೆ ಕುಳಿತರೆ ಒಂದು ಮಾತೂ ಒಳಗೆ ಇಳಿಯುವುದಿಲ್ಲ. ಕಂಡದ್ದನ್ನು ಹೇಳಿದ್ದು ಪಾಪವೇ? ಸುಮ್ಮನಿರುವುದೇ ದೀನತೆಯೇ? ಮುಂದಿನ ಭಾನುವಾರ ಕರ್ತನ ಭೋಜನವಿದೆ. ಸಭಾಪಾಲಕರ ಕೈಯಿಂದ ಆ ರೊಟ್ಟಿಯನ್ನು ತೆಗೆದುಕೊಳ್ಳಬಹುದೇ?

ಉತ್ತರ: ಸಹೋದರಿಯೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕಂಡದ್ದು ಪಾಪವಲ್ಲ, ಕಂಡು ನೊಂದದ್ದೂ ಪಾಪವಲ್ಲ. ಹೇಳಿದ ಜಾಗ ಮಾತ್ರ ತಪ್ಪಾಯಿತು. ಆ ಹಿರಿಯರು ನಿಮಗೆ ಹೇಳಿದ ಮೂರು ಮಾತುಗಳೂ ಸತ್ಯವೇದದವು. ಆದರೆ ಮೂರನ್ನೂ ಅವು ಹುಟ್ಟಿದ ನೆಲದಿಂದ ಕಿತ್ತು ತಂದು ನಿಮ್ಮ ಮೇಲೆ ಹೊರಿಸಲಾಗಿದೆ. ಒಂದೊಂದನ್ನೂ ಅದರದರ ನೆಲಕ್ಕೆ ಮರಳಿಸಿ ನೋಡೋಣ.

ಮೊದಲು ‘ತೀರ್ಪು ಮಾಡಬೇಡಿರಿ’ ಎಂಬ ಮಾತು. ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದ ಮೊದಲ ವಚನವನ್ನಷ್ಟೇ ಹೇಳಿ ನಿಲ್ಲಿಸುವವರು ಬಹಳ. ಯೇಸು ಸ್ವಾಮಿ ಅಲ್ಲಿ ನಿಲ್ಲಿಸಲಿಲ್ಲ. ನಿನ್ನ ಕಣ್ಣಿನಲ್ಲಿ ತೊಲೆಯಿರುವಾಗ ಸಹೋದರನ ಕಣ್ಣಿನ ರವೆಯನ್ನು ನೋಡುವುದೇಕೆ ಎಂದು ಕೇಳಿದರು. ನಮ್ಮಲ್ಲಿಯೂ ಇದಕ್ಕೆ ಹತ್ತಿರದ ಗಾದೆಯೊಂದಿದೆ: ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ಎಣಿಸಿದಂತೆ. ಗಾದೆಯ ಕೆಲಸ ಬಾಯಿ ಮುಚ್ಚಿಸುವುದು. ನಿನ್ನದನ್ನು ನೀನು ನೋಡಿಕೋ ಎನ್ನುತ್ತದೆ, ಮುಗಿಯಿತು. ಯೇಸುವಿನ ಮಾತಿಗೆ ಇನ್ನೊಂದು ಹೆಜ್ಜೆಯಿದೆ. ಮೊದಲು ನಿನ್ನ ಕಣ್ಣಿನ ತೊಲೆಯನ್ನು ತೆಗೆದುಹಾಕು, ಆಮೇಲೆ ನಿನ್ನ ಸಹೋದರನ ಕಣ್ಣಿನ ರವೆಯನ್ನು ತೆಗೆಯಲು ನಿನಗೆ ಚೆನ್ನಾಗಿ ಕಾಣಿಸುವುದು ಎಂದು ಐದನೆಯ ವಚನ ಹೇಳುತ್ತದೆ. ರವೆ ಅಲ್ಲೇ ಉಳಿಯಲಿ ಎಂಬುದು ಅವರ ಇಚ್ಛೆಯಾಗಿರಲಿಲ್ಲ. ಕಣ್ಣಿನಲ್ಲಿ ರವೆ ಉಳಿದರೆ ಅದು ಸಹೋದರನಿಗೇ ನೋವು.

ಕಣ್ಣಿಗೆ ಬಿದ್ದ ಕಸವನ್ನು ತೆಗೆದ ಅನುಭವ ನಿಮಗಿರಬಹುದು. ದೂರದಲ್ಲಿ ನಿಂತು ಅದನ್ನು ತೆಗೆಯಲಾಗದು. ಅವರ ಮುಖಕ್ಕೆ ನಮ್ಮ ಮುಖವನ್ನು ಹತ್ತಿರ ತರಬೇಕು, ಬೆಳಕಿಗೆ ತಿರುಗಿಸಬೇಕು, ಉಸಿರು ಬಿಗಿಹಿಡಿದು ಬಟ್ಟೆಯ ತುದಿಯನ್ನು ಮೆಲ್ಲಗೆ ತಾಗಿಸಬೇಕು. ಅದಕ್ಕಿಂತ ಮೊದಲು ಅವರು ನಮ್ಮನ್ನು ನಂಬಿ ಕಣ್ಣು ತೆರೆದು ಕೊಡಬೇಕು. ಇನ್ನೊಬ್ಬರನ್ನು ತಿದ್ದುವುದಕ್ಕೆ ಯೇಸು ಸ್ವಾಮಿ ದೇಹದಲ್ಲೇ ಅತ್ಯಂತ ನವಿರಾದ ಅಂಗವನ್ನು ಹೋಲಿಕೆಯಾಗಿ ಆರಿಸಿಕೊಂಡರಲ್ಲ, ಅದನ್ನು ನೆನೆದಾಗಲೆಲ್ಲ ನನ್ನ ಕೈ ತಾನಾಗಿಯೇ ಮೆತ್ತಗಾಗುತ್ತದೆ.

ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, 15 ಮತ್ತು 16ನೆಯ ವಚನಗಳಲ್ಲಿ, ಸುಳ್ಳು ಪ್ರವಾದಿಗಳ ಬಗ್ಗೆ ಎಚ್ಚರವಾಗಿರಿ, ಅವರ ಫಲಗಳಿಂದ ಅವರನ್ನು ತಿಳಿದುಕೊಳ್ಳುವಿರಿ ಎಂದಿದೆ. ಫಲವನ್ನು ನೋಡಲೇಬಾರದು ಎಂದಾದರೆ ತಿಳಿದುಕೊಳ್ಳುವುದು ಹೇಗೆ? ಯೋಹಾನನ ಸುವಾರ್ತೆ 7:24ರಲ್ಲಂತೂ ತೋರಿಕೆಯನ್ನು ನೋಡಿ ತೀರ್ಪು ಮಾಡಬೇಡಿರಿ, ನ್ಯಾಯವಾದ ತೀರ್ಪು ಮಾಡಿರಿ ಎಂಬ ನೇರ ಆಜ್ಞೆಯೇ ಇದೆ. ಮೂಲದ ಗ್ರೀಕ್ ಕ್ರಿಯಾಪದ ‘ಕ್ರಿನೋ’. ಬೇರ್ಪಡಿಸಿ ನೋಡುವುದು, ತೀರ್ಮಾನಿಸುವುದು, ಅಪರಾಧಿಯೆಂದು ಶಿಕ್ಷೆ ವಿಧಿಸುವುದು ಇವೆಲ್ಲವೂ ಅದರ ಅರ್ಥವ್ಯಾಪ್ತಿಯೊಳಗೆ ಬರುತ್ತವೆ. ಇವುಗಳಲ್ಲಿ ಯಾವುದು ನಮ್ಮದು, ಯಾವುದು ದೇವರದು ಎಂದು ತಿಳಿದುಕೊಂಡರೆ ನಿಮ್ಮ ಕಳವಳದ ಬಹುಭಾಗ ಇಳಿದುಹೋಗುತ್ತದೆ.

ಇದನ್ನು ನನಗೆ ಬಿಡಿಸಿ ತೋರಿಸಿದವರು 6ನೆಯ ಶತಮಾನದಲ್ಲಿ ಗಾಜಾ ಪ್ರದೇಶದ ಮಠವೊಂದರಲ್ಲಿದ್ದ ದೊರೊಥೆಯಸ್ ಎಂಬ ಸಂನ್ಯಾಸಿ. ತಮ್ಮ ಶಿಷ್ಯರಿಗೆ ಅವರು ಮೂರು ಮೆಟ್ಟಿಲುಗಳನ್ನು ತೋರಿಸುತ್ತಿದ್ದರು. ‘ಇಂಥವನು ಸುಳ್ಳು ಹೇಳಿದನು’ ಎಂದು ಬೇರೆಯವರ ಮುಂದೆ ಆಡಿಕೊಳ್ಳುವುದು ಮೊದಲನೆಯದು, ಅದು ಚಾಡಿ. ‘ಇಂಥವನು ಸುಳ್ಳುಗಾರ’ ಎನ್ನುವುದು ಎರಡನೆಯದು. ಇಲ್ಲಿ ಒಂದು ಕೃತ್ಯದಿಂದ ಇಡೀ ಮನುಷ್ಯನಿಗೆ ಜಿಗಿದೆವು, ಅವನ ಆತ್ಮದ ಮೇಲೆ ಮುದ್ರೆ ಒತ್ತಿದೆವು. ತೀರ್ಪು ಎಂದರೆ ಇದು. ಮೂರನೆಯದು ತಿರಸ್ಕಾರ: ಅವನನ್ನು ಕಂಡರೆ ಹೇಸಿಗೆಪಟ್ಟು ಮುಖ ತಿರುಗಿಸುವುದು. ಇದು ತೀರ್ಪಿಗಿಂತಲೂ ಕೆಟ್ಟದ್ದು ಎನ್ನುತ್ತಾರೆ ಅವರು.

ಈಗ ನಿಮ್ಮ ಪತ್ರಕ್ಕೆ ಬನ್ನಿ. ‘ವೇದಿಕೆಯ ಮೇಲಿಂದ ವೃದ್ಧೆಯನ್ನು ಗದರಿಸಿದರು’ ಎಂಬುದು ಕೃತ್ಯ. ನೂರು ಕಣ್ಣುಗಳು ಕಂಡಿವೆ, ಕಂಡದ್ದನ್ನು ಕಂಡಿಲ್ಲ ಎನ್ನಬೇಕಾಗಿಲ್ಲ. ‘ಮೂಗಿನ ತುದಿಯಲ್ಲೇ ಕೋಪ’ ಎಂಬಲ್ಲಿ ನೀವು ಎರಡನೆಯ ಮೆಟ್ಟಿಲಿಗೆ ಬಂದಿರಿ. ‘ಪ್ರಸಂಗಕ್ಕೆ ಕುಳಿತರೆ ಒಂದು ಮಾತೂ ಒಳಗೆ ಇಳಿಯುವುದಿಲ್ಲ’ ಎಂದಿದ್ದೀರಲ್ಲ, ಅದು ಮೂರನೆಯದರ ಹೊಸಿಲು. ನಿಮ್ಮನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ನಾವೆಲ್ಲರೂ ಜಾರುವ ದಾರಿ ಇದೇ, ಮತ್ತು ಎಷ್ಟು ಸದ್ದಿಲ್ಲದೆ ಜಾರುತ್ತೇವೆ ಎಂಬುದಕ್ಕೆ ನಿಮ್ಮ ಪ್ರಾಮಾಣಿಕ ಪತ್ರವೇ ಸಾಕ್ಷಿ. ಕಟ್ಟಡ ನಿಧಿಯ ವಿಷಯದಲ್ಲೂ ಇದೇ ಅಳತೆ. ಲೆಕ್ಕ ಇಟ್ಟಿಲ್ಲ ಎಂಬುದು ಕೃತ್ಯ. ನುಂಗಿದ್ದಾರೆ ಎಂದು ನೀವು ಬರೆದಿಲ್ಲ, ಅದಕ್ಕಾಗಿ ದೇವರಿಗೆ ಸ್ತೋತ್ರ. ಲೆಕ್ಕ ಇಡದಿರುವುದಕ್ಕೂ ಕದಿಯುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ಊಹೆಯಿಂದ ತುಂಬಬಾರದು.

ಅಂತರಂಗವನ್ನು ಓದುವ ಅಧಿಕಾರ ನಮಗಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ, ನನ್ನನ್ನು ನಾನೇ ವಿಚಾರಿಸಿಕೊಳ್ಳುವುದಿಲ್ಲ, ಕರ್ತನು ಬಂದು ಕತ್ತಲೆಯಲ್ಲಿರುವ ಗುಟ್ಟುಗಳನ್ನೂ ಹೃದಯದ ಯೋಚನೆಗಳನ್ನೂ ಬೆಳಕಿಗೆ ತರುವ ತನಕ ಕಾಲಕ್ಕೆ ಮೊದಲು ತೀರ್ಪು ಮಾಡಬೇಡಿರಿ ಎನ್ನುತ್ತಾನೆ. ಅದೇ ಪತ್ರಿಕೆಯ ಮುಂದಿನ ಅಧ್ಯಾಯದಲ್ಲಿ ಸಭೆಯೊಳಗಿನ ಬಹಿರಂಗ ಪಾಪದ ಬಗ್ಗೆ, ಒಳಗಿನವರ ವಿಷಯದಲ್ಲಿ ತೀರ್ಪು ಮಾಡುವವರು ನೀವೇ ಅಲ್ಲವೇ ಎಂದು ಕೇಳುತ್ತಾನೆ. ಹೃದಯದ ಗುಟ್ಟು ಕರ್ತನಿಗೆ, ಬಯಲಾದ ಕೃತ್ಯ ಸಭೆಗೆ. ಒಂದೇ ಲೇಖನಿಯಿಂದ ಬಂದ ಈ ಎರಡು ಮಾತುಗಳ ನಡುವೆ ವಿರೋಧವಿಲ್ಲ.

ಎರಡನೆಯ ಮಾತು, ‘ಅಭಿಷಿಕ್ತನನ್ನು ಮುಟ್ಟಬೇಡಿ’. ಇದರ ಬಗ್ಗೆ ಸ್ವಲ್ಪ ಬಿಸಿಯಾಗಿಯೇ ಬರೆಯುತ್ತೇನೆ, ಏಕೆಂದರೆ ಈ ವಚನದಿಂದ ಗಾಯಗೊಂಡವರನ್ನು ನಾನು ಕಂಡಿದ್ದೇನೆ. ಇದು 105ನೆಯ ಕೀರ್ತನೆಯ 15ನೆಯ ವಚನ. ಅದರ ಹಿಂದಿನ ಮೂರು ವಚನಗಳನ್ನು ಓದಿ. ಅಬ್ರಹಾಮ, ಇಸಾಕ, ಯಾಕೋಬರು ಸ್ವಲ್ಪ ಮಂದಿಯಾಗಿದ್ದರು, ಪರದೇಶಿಗಳಾಗಿದ್ದರು, ಜನಾಂಗದಿಂದ ಜನಾಂಗಕ್ಕೆ ಅಲೆಯುತ್ತಿದ್ದರು. ಅವರಿಗಾಗಿ ದೇವರು ಅರಸರನ್ನು ಗದರಿಸಿದನು. ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿರಿ ಎಂದು ದೇವರು ಹೇಳಿದ್ದು ಸಿಂಹಾಸನದ ಮೇಲಿದ್ದವರಿಗೆ, ಡೇರೆಯಲ್ಲಿದ್ದ ಬಲಹೀನರನ್ನು ಕಾಪಾಡುವುದಕ್ಕಾಗಿ. ಅದೇ ಮಾತನ್ನು ಅಧಿಕಾರದಲ್ಲಿರುವವರ ಸುತ್ತ ಬೇಲಿ ಕಟ್ಟಲು ಬಳಸಿದರೆ ವಚನವನ್ನು ತಲೆಕೆಳಗಾಗಿ ಹಿಡಿದಂತೆ. ಹೊಸ ಒಡಂಬಡಿಕೆಯಲ್ಲಿಯಂತೂ ಯೋಹಾನನು ತನ್ನ ಮೊದಲನೆಯ ಪತ್ರಿಕೆಯ 2:20ರಲ್ಲಿ ವಿಶ್ವಾಸಿಗಳೆಲ್ಲರಿಗೂ ಪರಿಶುದ್ಧನಿಂದ ಅಭಿಷೇಕ ಆಗಿದೆ ಎನ್ನುತ್ತಾನೆ. ಸಭಾಪಾಲಕರು ಅಭಿಷಿಕ್ತರು, ಹೌದು. ತಡವಾಗಿ ಬಂದು ಬೈಸಿಕೊಂಡ ಆ ವೃದ್ಧೆಯೂ ಅಭಿಷಿಕ್ತಳೇ.

ದಾವೀದನ ಮಾತೇನು ಎಂದು ಯಾರಾದರೂ ಕೇಳಬಹುದು. ಯೆಹೋವನ ಅಭಿಷಿಕ್ತನ ಮೇಲೆ ಕೈಯೆತ್ತಲಾರೆ ಎಂದು, ತನ್ನನ್ನು ಕೊಲ್ಲಲು ಬೆನ್ನಟ್ಟಿದ್ದ ಅರಸ ಸೌಲನನ್ನು ಬಿಟ್ಟವನು ಅವನು. ಸಮುವೇಲನ ಮೊದಲನೆಯ ಪುಸ್ತಕದ 24ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಗವಿಯ ಕತ್ತಲಲ್ಲಿ ದಾವೀದನು ಸೌಲನ ನಿಲುವಂಗಿಯ ಅಂಚನ್ನು ಕತ್ತರಿಸಿಕೊಂಡನು. ಅಷ್ಟಕ್ಕೇ ಅವನ ಮನಸ್ಸು ಚುಚ್ಚಿತು. ಬಟ್ಟೆಯ ಒಂದು ತುಂಡಿಗೆ ನೋಯುವ ಮನಸ್ಸು ಅದು, ನಾವೆಲ್ಲರೂ ಬೇಡಿ ಪಡೆಯಬೇಕಾದದ್ದು. ಆದರೆ ಮುಂದೇನಾಯಿತು? ದಾವೀದನು ಗವಿಯಿಂದ ಹೊರಗೆ ಬಂದು, ಸೌಲನನ್ನು ಕೂಗಿ ಕರೆದು, ನೆಲದ ತನಕ ಬಾಗಿ ನಮಸ್ಕರಿಸಿ, ಆ ತುಂಡನ್ನು ಎತ್ತಿ ತೋರಿಸಿ ಮಾತನಾಡಿದನು. ‘ನನ್ನ ತಂದೆಯೇ’ ಎಂದು ಸಂಬೋಧಿಸಿದನು. ನೀನು ನನ್ನ ಪ್ರಾಣಕ್ಕಾಗಿ ಹೊಂಚುಹಾಕುತ್ತಿದ್ದೀ, ಯೆಹೋವನೇ ನನಗೂ ನಿನಗೂ ನ್ಯಾಯತೀರಿಸಲಿ ಎಂದನು. ಸೊಂಟ ಬಾಗಿತ್ತು, ಬಾಯಿ ಮುಚ್ಚಿರಲಿಲ್ಲ. ಮುಂದೆ ಅದೇ ದಾವೀದನು ಅಭಿಷಿಕ್ತ ಅರಸನಾಗಿ ಪಾಪ ಮಾಡಿದಾಗ ಪ್ರವಾದಿ ನಾತಾನನು ಅವನೆದುರಿಗೇ ನಿಂತು ‘ಆ ಮನುಷ್ಯನು ನೀನೇ’ ಎಂದನು. ನನ್ನನ್ನು ಮುಟ್ಟಬೇಡ ಎಂದು ದಾವೀದನು ಹೇಳಲಿಲ್ಲ. ಪಾಪ ಮಾಡಿದ್ದೇನೆ ಎಂದನು.

ಇನ್ನು ಮಿರ್ಯಾಮಳು, ಮೋಶೆಗೆ ವಿರೋಧವಾಗಿ ಮಾತನಾಡಿ ಕುಷ್ಠ ಹತ್ತಿಸಿಕೊಂಡ ಅವನ ಅಕ್ಕ. ಅರಣ್ಯಕಾಂಡದ 12ನೆಯ ಅಧ್ಯಾಯದಲ್ಲಿ ಆಕೆಯೂ ಆರೋನನೂ ದೂರು ಎತ್ತಿದ್ದು ಮೋಶೆಯ ಹೆಂಡತಿಯ ನೆಪದಿಂದ. ಎರಡನೆಯ ವಚನದಲ್ಲಿ ಒಳಗಿನದು ಹೊರಬೀಳುತ್ತದೆ: ಯೆಹೋವನು ಮೋಶೆಯ ಮೂಲಕವೇ ಮಾತನಾಡಿದ್ದಾನೋ, ನಮ್ಮ ಮೂಲಕವೂ ಮಾತನಾಡಲಿಲ್ಲವೋ? ಅದು ಸ್ಥಾನದ ಹಟ. ಮೋಶೆ ಯಾರಿಗೋ ಅನ್ಯಾಯ ಮಾಡಿದ್ದಕ್ಕಾಗಿ ಎದ್ದ ಕೂಗಲ್ಲ. ಹಾಗಾಗಿ ಈ ಪ್ರಸಂಗವನ್ನು ತೋರಿಸಿ ನಿಮ್ಮನ್ನು ಹೆದರಿಸುವುದು ಸರಿಯಲ್ಲ. ಆದರೆ ಅದರಿಂದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಿ: ನನ್ನ ದೂರಿನ ಅಡಿಯಲ್ಲಿ ‘ನನಗೇನು ಕಡಿಮೆ’ ಎಂಬ ಮಾತು ಕುಳಿತಿದೆಯೇ? ಹಿಂದಿನ ಸಭಾಪಾಲಕರಿಗೆ ನಾನು ಹತ್ತಿರದವಳಾಗಿದ್ದೆ, ಇವರು ನನ್ನನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ ಎಂಬ ನೋವು? ಹದಿನಾಲ್ಕು ವರ್ಷ ಒಂದೇ ಸಭೆಯಲ್ಲಿದ್ದವರಿಗೆ ಅಂಥದ್ದು ಹುಟ್ಟುವುದು ಸಹಜ. ಇದ್ದರೆ ಅದೇ ತೊಲೆ. ಇಲ್ಲದಿದ್ದರೆ ನೆಮ್ಮದಿಯಾಗಿರಿ.

ಅದೇ ಮೋಶೆಗೆ ಅವನ ಮಾವ ಇತ್ರೋನನು, ನೀನು ಮಾಡುತ್ತಿರುವ ಕೆಲಸ ಒಳ್ಳೆಯದಲ್ಲ ಎಂದು ನೇರವಾಗಿ ಹೇಳಿದನು (ವಿಮೋಚನಕಾಂಡ 18). ಮೋಶೆ ಕೇಳಿಸಿಕೊಂಡು ಬದಲಾದನು. ಚೆಲೋಫಾದನ ಐದು ಮಂದಿ ಹೆಣ್ಣುಮಕ್ಕಳು ದೇವದರ್ಶನದ ಗುಡಾರದ ಬಾಗಿಲಲ್ಲಿ, ಮೋಶೆ, ಮಹಾಯಾಜಕ ಎಲ್ಲಾಜಾರ್ ಮತ್ತು ಸಮೂಹದವರೆಲ್ಲರ ಎದುರು ನಿಂತು, ನಮ್ಮ ತಂದೆಯ ಹೆಸರು ಏಕೆ ಅಳಿದುಹೋಗಬೇಕು, ನಮಗೂ ಸ್ವಾಸ್ತ್ಯ ಕೊಡಿ ಎಂದು ಕೇಳಿದರು. ಅವರು ಹೇಳುವುದು ನ್ಯಾಯವೇ ಎಂದು ದೇವರೇ ಉತ್ತರಿಸಿದನು (ಅರಣ್ಯಕಾಂಡ 27). ಮಿರ್ಯಾಮಳ ಕಥೆಯನ್ನು ಹೇಳುವವರು ಈ ಅಕ್ಕತಂಗಿಯರ ಕಥೆಯನ್ನೂ ಹೇಳಲಿ.

ಹಾಗಾದರೆ ನಾಯಕರಿಗೆ ಗೌರವ ಕೊಡಬೇಕಾಗಿಲ್ಲವೇ? ಕೊಡಬೇಕು. ನಾನು ಇಪ್ಪತ್ತಾರು ವರ್ಷ ಸಭಾಪಾಲನೆ ಮಾಡಿದವನು, ಆ ನೊಗದ ಭಾರ ನನ್ನ ಹೆಗಲಿಗೆ ಗೊತ್ತು. ಬೆಳಿಗ್ಗೆ ಒಂದು ಸಮಾಧಿ, ಮಧ್ಯಾಹ್ನ ಒಂದು ಮದುವೆ, ರಾತ್ರಿ ಹನ್ನೊಂದಕ್ಕೆ ಜಗಳವಾಡಿ ಬಂದ ದಂಪತಿ, ಮರುದಿನ ಪ್ರಸಂಗ. ಇಬ್ರಿಯರಿಗೆ ಬರೆದ ಪತ್ರಿಕೆಯ 13:17 ಸಭಾನಾಯಕರ ಮಾತನ್ನು ಕೇಳಿರಿ ಎಂದು ಹೇಳಿ ಕಾರಣವನ್ನೂ ಕೊಡುತ್ತದೆ: ಅವರು ಲೆಕ್ಕ ಒಪ್ಪಿಸಬೇಕಾದವರಾಗಿ ನಿಮ್ಮ ಆತ್ಮಗಳನ್ನು ಕಾಯುತ್ತಾರೆ, ಅದನ್ನು ನರಳುತ್ತಾ ಮಾಡದೆ ಸಂತೋಷದಿಂದ ಮಾಡುವಂತಾಗಲಿ. ಈ ವಚನವನ್ನು ವಿಶ್ವಾಸಿಗಳ ಮುಂದೆ ಓದುವ ಪ್ರತಿಯೊಬ್ಬ ಸಭಾಪಾಲಕನಿಗೂ ಅದರಲ್ಲಿರುವ ‘ಲೆಕ್ಕ’ ಎಂಬ ಪದ ಕೇಳಿಸಬೇಕು. ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ, ನಿಮ್ಮಲ್ಲಿ ಪ್ರಯಾಸಪಡುವವರನ್ನು ಅವರ ಕೆಲಸದ ನಿಮಿತ್ತ ಪ್ರೀತಿಯಿಂದ ಬಹಳವಾಗಿ ಸನ್ಮಾನಿಸಿರಿ ಎಂದ ಪೌಲನು ಅದೇ ಉಸಿರಿನಲ್ಲಿ ಎಲ್ಲವನ್ನೂ ಪರಿಶೋಧಿಸಿರಿ ಎಂದೂ ಸೇರಿಸುತ್ತಾನೆ.

ಸುಮಾರು ಕ್ರಿ.ಶ. 96ರಲ್ಲಿ ರೋಮಿನ ಸಭೆಯಿಂದ ಕೊರಿಂಥದ ಸಭೆಗೆ ಒಂದು ಪತ್ರ ಹೋಯಿತು. ಅದನ್ನು ಕ್ಲೆಮೆಂಟನ ಪತ್ರವೆಂದು ಕರೆಯುತ್ತಾರೆ. ನಿರ್ದೋಷಿಗಳಾಗಿ ಸೇವೆ ಮಾಡಿದ್ದ ಹಿರಿಯರನ್ನು ಕೊರಿಂಥದಲ್ಲಿ ಕೆಲವರು ಎದ್ದುನಿಂತು ಸ್ಥಾನದಿಂದ ಇಳಿಸಿದ್ದರು. ಪತ್ರದುದ್ದಕ್ಕೂ ದೀನತೆಯದೇ ಮಾತು. ದೋಷವಿಲ್ಲದೆ ಸೇವೆ ಮಾಡಿದವರನ್ನು ಹೊಟ್ಟೆಕಿಚ್ಚಿನಿಂದ ಹೊರದಬ್ಬುವುದು ಅಂದಿನಿಂದಲೂ ಸಭೆಯ ರೋಗವೇ. ಸಭಾಪಾಲಕರ ಧ್ವನಿ ಹಿಡಿಸುವುದಿಲ್ಲ, ಪ್ರಸಂಗ ಉದ್ದ, ಹಿಂದಿನವರಂತೆ ಹಾಡುವುದಿಲ್ಲ ಎಂಬ ದೂರುಗಳನ್ನು ಬಾಯಿಗೂ ತರದೆ ನುಂಗಿಬಿಡಿ. ಅವು ನಮ್ಮ ರುಚಿಯ ವಿಷಯ. ಅಂಥಲ್ಲಿ ಮೌನವೇ ದೀನತೆ.

ದೀನತೆ ಎಂಬ ಪದವನ್ನೂ ಒಮ್ಮೆ ಬಿಡಿಸಿ ನೋಡಬೇಕು. ಪೇತ್ರನು ತನ್ನ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ದೀನಮನಸ್ಸನ್ನು ವಸ್ತ್ರದಂತೆ ಸೊಂಟಕ್ಕೆ ಕಟ್ಟಿಕೊಳ್ಳಿರಿ ಎನ್ನುತ್ತಾನೆ. ಅಲ್ಲಿರುವ ಗ್ರೀಕ್ ಪದಕ್ಕೆ ಆಳು ಕೆಲಸಕ್ಕೆ ಇಳಿಯುವಾಗ ಬಟ್ಟೆಯನ್ನು ಗಂಟುಹಾಕಿ ಕಟ್ಟಿಕೊಳ್ಳುವ ಚಿತ್ರ ಅಂಟಿಕೊಂಡಿದೆ. ಬರೆದವನು ಪೇತ್ರ ಎಂಬುದನ್ನು ಮರೆಯಬೇಡಿ. ಯೇಸು ಸ್ವಾಮಿ ಕೈಪಾವಡವನ್ನು ನಡುವಿಗೆ ಕಟ್ಟಿಕೊಂಡು ನೀರಿನ ಬೋಗುಣಿ ಹಿಡಿದು ಬಂದಾಗ, ನೀನು ನನ್ನ ಕಾಲುಗಳನ್ನು ಎಂದಿಗೂ ತೊಳೆಯಬಾರದು ಎಂದವನು ಅವನೇ. ಆ ಗಂಟನ್ನು ಅವನು ಕಣ್ಣಾರೆ ಕಂಡಿದ್ದನು. ಸೊಂಟ ಕಟ್ಟುವುದು ಮೂಲೆಯಲ್ಲಿ ಮುದುಡಿ ಕೂರುವುದಕ್ಕಲ್ಲ, ಎದ್ದು ಯಾರದೋ ಕೊಳೆಯಾದ ಕಾಲಿನ ಬಳಿಗೆ ಹೋಗುವುದಕ್ಕೆ. ಅದೇ ಅಧ್ಯಾಯದಲ್ಲಿ ಸಭೆಯ ಹಿರಿಯರಿಗೂ ಹೇಳಿದ್ದಾನೆ: ನೀಚವಾದ ದ್ರವ್ಯಾಶೆಯಿಂದ ಮಾಡಬೇಡಿರಿ, ನಿಮ್ಮ ವಶಕ್ಕೆ ಬಂದವರ ಮೇಲೆ ದೊರೆತನ ಮಾಡಬೇಡಿರಿ, ಮಂದೆಗೆ ಮಾದರಿಯಾಗಿರಿ.

ಈಗ ನೀವು ಮಾಡಬೇಕಾದ್ದು. ಪ್ರಾರ್ಥನಾ ಕೂಟದಿಂದ ಶುರುಮಾಡುತ್ತೇನೆ, ಏಕೆಂದರೆ ಅಲ್ಲಿ ನೀವು ಎಡವಿದಿರಿ, ನಾನೂ ಎಡವಿದ್ದೇನೆ. ಜೊತೆ ಸೇವಕರೊಬ್ಬರ ದೌರ್ಬಲ್ಯವನ್ನು ‘ಪ್ರಾರ್ಥನಾ ವಿಷಯ’ ಎಂದು ಹೆಸರಿಸಿ ಹನ್ನೆರಡು ಜನರ ಮುಂದೆ ಇಟ್ಟವನು ನಾನು. ಆ ರಾತ್ರಿ ಪ್ರಾರ್ಥಿಸಿದವರಿಗಿಂತ ಮನೆಗೆ ಹೋಗಿ ಮಾತನಾಡಿದವರು ಹೆಚ್ಚು. ಅವರ ಕಿವಿಗೆ ಅದು ಬಿದ್ದಾಗ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನನ್ನ ಹತ್ತಿರ ಏಕೆ ಬರಲಿಲ್ಲ?’ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮತ್ತಾಯ 18:15 ಹೇಳುವುದು ಅದನ್ನೇ: ನೀನೂ ಅವನೂ ಇಬ್ಬರೇ ಇರುವಾಗ ಅವನ ತಪ್ಪನ್ನು ತಿಳಿಸು. ಕೂಟದಲ್ಲಿದ್ದ ಸಹೋದರಿಯರಿಗೆ, ಅಂದು ಇಲ್ಲಿ ಹೇಳಬಾರದಾಗಿತ್ತು, ಹೇಳಬೇಕಾದವರಿಗೇ ಹೇಳುತ್ತೇನೆ ಎಂದು ಎರಡು ವಾಕ್ಯ ಹೇಳಿ ಮುಗಿಸಿ. ಮನೆಯಲ್ಲಿ ಮಕ್ಕಳ ಮುಂದೆ ಆಡಿದ್ದರೆ ಅವರಿಗೂ ಹೇಳಿ. ದೊಡ್ಡವರು ಕ್ಷಮೆ ಕೇಳುವುದನ್ನು ಅವರು ನೋಡಲಿ.

ನಂತರ ಸಭಾಪಾಲಕರ ಬಳಿಗೆ ಹೋಗಿ. ಒಬ್ಬರೇ ಹೋಗಲು ಅಳುಕಿದ್ದರೆ ಬಾಯಿ ಬಿಗಿಯಿರುವ ಹಿರಿಯ ಸಹೋದರಿಯೊಬ್ಬರನ್ನು ಕರೆದುಕೊಂಡು ಹೋಗಿ. ‘ಇಬ್ಬರೇ’ ಎಂಬ ಮಾತು ಸುದ್ದಿ ಹರಡದಿರಲಿ ಎಂದು ಬಂದದ್ದು, ಬಲವಿಲ್ಲದವರನ್ನು ಬಲವುಳ್ಳವರ ಕೋಣೆಯಲ್ಲಿ ಒಂಟಿಯಾಗಿ ನಿಲ್ಲಿಸಲು ಬಂದದ್ದಲ್ಲ.

ಹೇಗೆ ಮಾತನಾಡಬೇಕು? ನನಗೆ ಮಾತನಾಡಿದವರೊಬ್ಬರ ರೀತಿಯನ್ನು ಹೇಳುತ್ತೇನೆ. ಸೇವೆಗೆ ಸೇರಿದ ಹೊಸತರಲ್ಲಿ, ಪ್ರಸಂಗದ ನಡುವೆ ತೂಕಡಿಸುತ್ತಿದ್ದ ಯುವಕನೊಬ್ಬನನ್ನು ಹೆಸರು ಹಿಡಿದು ಕರೆದು ನಾಲ್ಕು ಮಾತು ಅಂದುಬಿಟ್ಟೆ. ಸಭೆ ನಕ್ಕಿತು. ಸೋಮವಾರ ಸಂಜೆ ಸಭೆಯ ಹಿರಿಯರೊಬ್ಬರು ಬಂದರು, ಎಪ್ಪತ್ತು ದಾಟಿದವರು. ಬಾಗಿಲನ್ನು ಮುಂದೆ ಮಾಡಿದರು. ನನ್ನ ಮೇಜಿನ ಎದುರಿಗಿದ್ದ ಕುರ್ಚಿಯಲ್ಲಿ ಕೂರದೆ ಅದನ್ನು ಎತ್ತಿ ತಂದು ನನ್ನ ಪಕ್ಕದಲ್ಲಿ ಇಟ್ಟುಕೊಂಡು ಕುಳಿತರು. ‘ಪಾಸ್ಟರ್, ಆ ಹುಡುಗ ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಆರಾಧನೆಗೆ ಬಂದಿದ್ದ. ನಿಮಗೆ ಗೊತ್ತಿರಲಿಕ್ಕಿಲ್ಲ ಎಂದು ಹೇಳಲು ಬಂದೆ’ ಎಂದರು. ಅಷ್ಟೇ. ನೀವು ಅಹಂಕಾರಿ ಎನ್ನಲಿಲ್ಲ, ಸಭೆಯಲ್ಲಿ ಎಲ್ಲರೂ ಮಾತನಾಡಿಕೊಳ್ಳುತ್ತಿದ್ದಾರೆ ಎಂದೂ ಹೇಳಲಿಲ್ಲ. ಕೈ ಹಿಡಿದು ಪ್ರಾರ್ಥಿಸಿ ಎದ್ದು ಹೋದರು. ಅಂದೇ ರಾತ್ರಿ ಆ ಹುಡುಗನ ಮನೆಗೆ ಹೋದೆ. ಮುಂದಿನ ಭಾನುವಾರ, ಅವಮಾನ ಮಾಡಿದ ಅದೇ ವೇದಿಕೆಯಿಂದ ಕ್ಷಮೆ ಕೇಳಿದೆ. ಅವರು ಸಭೆಯ ಎದುರಿಗೆ ಎದ್ದುನಿಂತು ಹೇಳಿದ್ದರೆ ನಾನು ವಾದಕ್ಕಿಳಿಯುತ್ತಿದ್ದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನೀವೂ ಹಾಗೆಯೇ ಒಂದೇ ಸಂಗತಿಯಿಂದ ಆರಂಭಿಸಿ. ‘ಅಯ್ಯನವರೇ, ಅಂದು ಆ ತಾಯಿ ಅಳುತ್ತಾ ಹೋದರು. ನಿಮ್ಮ ಒಂದು ಮಾತು ಅವರಿಗೆ ಬಹಳ ಮುಖ್ಯ’ ಎಂದರೆ ಸಾಕು. ಮೂರು ವರ್ಷಗಳ ಪಟ್ಟಿಯನ್ನು ಬಿಚ್ಚಬೇಡಿ. ಕೂಟದಲ್ಲಿ ನೀವು ಆಡಿದ ಮಾತಿಗೆ ಅವರ ಕ್ಷಮೆಯನ್ನೂ ಕೇಳಿ. ಅವರು ಸಿಟ್ಟಾದರೆ ಸಿಟ್ಟಾಗಲಿ, ನೀವು ಧ್ವನಿ ಏರಿಸಬೇಡಿ. ಪೌಲನನ್ನು ನೆನೆಯಿರಿ: ನ್ಯಾಯಸಭೆಯಲ್ಲಿ ಅವನ ಬಾಯಿಯ ಮೇಲೆ ಹೊಡೆಯಲು ಮಹಾಯಾಜಕ ಅನನೀಯನು ಅಪ್ಪಣೆ ಕೊಟ್ಟಾಗ ‘ಎಲೈ ಸುಣ್ಣ ಬಳಿದ ಗೋಡೆಯೇ’ ಎಂದುಬಿಟ್ಟನು. ಅವನು ಮಹಾಯಾಜಕನೆಂದು ತಿಳಿದ ಕೂಡಲೇ, ನಿನ್ನ ಜನರ ಅಧಿಪತಿಯನ್ನು ದೂಷಿಸಬಾರದು ಎಂಬ ವಿಮೋಚನಕಾಂಡದ ಮಾತನ್ನು ತಾನೇ ಎತ್ತಿ ಹೇಳಿದನು (ಅಪೊಸ್ತಲರ ಕೃತ್ಯಗಳು 23). ಬೈಗುಳವನ್ನು ಹಿಂದೆಗೆದುಕೊಂಡನು, ಹೊಡೆದದ್ದು ಸರಿ ಎಂದು ಮಾತ್ರ ಹೇಳಲಿಲ್ಲ. ಇದೇ ಪೌಲನು ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರ ಮುಂದೆ ಎದುರಿಸಿದನಲ್ಲ ಎನ್ನುವಿರಾ? ಹೌದು. ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಊಟ ಮಾಡುವುದನ್ನು ಪೇತ್ರನು ಬಿಟ್ಟದ್ದರಿಂದ ಅಲ್ಲಿ ಸುವಾರ್ತೆಯ ಸತ್ಯವೇ ಅಲುಗಾಡುತ್ತಿತ್ತು, ಪೌಲನ ಜೊತೆಗಾರ ಬಾರ್ನಬನೂ ಕೊಚ್ಚಿಕೊಂಡು ಹೋಗಿದ್ದನು. ಆಮೇಲೆ ಪೇತ್ರನ ಎರಡನೆಯ ಪತ್ರಿಕೆ ಪೌಲನನ್ನು ‘ನಮ್ಮ ಪ್ರಿಯ ಸಹೋದರ’ ಎಂದು ಕರೆಯುತ್ತದೆ. ಎಲ್ಲರ ಮುಂದೆ ಗದರಿಸಿಕೊಂಡವನ ಹೆಸರಿನಲ್ಲಿ ಬಂದ ಮಾತು ಅದು.

ಲೆಕ್ಕದ ವಿಷಯ ಬೇರೆ. ಇದನ್ನು ಅವರ ಗುಣದ ಪ್ರಶ್ನೆಯಾಗಿಸದೆ ಸಭೆಯ ಸಮಿತಿಗೆ ಸರಳವಾಗಿ ಬರೆದುಕೊಡಿ: ಕಟ್ಟಡ ನಿಧಿಯ ಜಮಾ ಖರ್ಚನ್ನು ಸಭೆಯ ಮುಂದೆ ಇಡಬೇಕೆಂದು ವಿನಂತಿ. ಲೆಕ್ಕ ಕೇಳುವುದು ಅವಿಶ್ವಾಸ ಎಂದು ಯಾರಾದರೂ ಹೇಳಿದರೆ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯವನ್ನು ತೋರಿಸಿ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ನೇಮಿಸಿದ ಸಹೋದರನನ್ನು ಜೊತೆಗೆ ಇಟ್ಟುಕೊಂಡನು. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸದಂತೆ, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲೂ ಗೌರವವಾದದ್ದನ್ನು ಯೋಚಿಸುತ್ತೇವೆ ಎಂದು ಬರೆದನು. ಪೌಲನಿಗೇ ಬೇಕಾದ ಎಚ್ಚರ ನಮ್ಮ ಸಭಾಪಾಲಕರಿಗೂ ಬೇಕು. ಅದು ಅವರಿಗೇ ರಕ್ಷೆ.

ಅವರು ಕೇಳದಿದ್ದರೆ? ಮತ್ತಾಯ 18ರ ಮುಂದಿನ ಹೆಜ್ಜೆ ಒಬ್ಬಿಬ್ಬರೊಡನೆ ಹೋಗುವುದು, ಆಮೇಲೆ ಸಭೆ. ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಸೇರಿಸಿಕೊಳ್ಳಬೇಡ ಎಂದು ತಿಮೊಥೆಗೆ ಬರೆದ ಮೊದಲನೆಯ ಪತ್ರಿಕೆ 5:19 ಹೇಳುತ್ತದೆ, ಅದು ಗಾಳಿಮಾತಿನಿಂದ ಸಭಾಪಾಲಕರನ್ನು ಕಾಪಾಡುವ ಬೇಲಿ. ಮುಂದಿನ ವಚನ ಪಾಪದಲ್ಲೇ ಇರುವವರನ್ನು ಎಲ್ಲರ ಮುಂದೆ ಗದರಿಸು ಎನ್ನುತ್ತದೆ, ಅದು ಸಭೆಯನ್ನು ಕಾಪಾಡುವ ಬೇಲಿ. ಒಂದನ್ನು ಓದಿ ಇನ್ನೊಂದನ್ನು ಬಿಡುವಂತಿಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನು, ಇದನ್ನು ಓದುವ ಬೇರೆಯವರಿಗಾಗಿ ಹೇಳಬೇಕು. ಮಗುವಿನ ಮೇಲೆ ಕೈಹಾಕಿದ್ದರೆ, ಹೆಣ್ಣಿನ ಮೇಲೆ ದೌರ್ಜನ್ಯ ನಡೆದಿದ್ದರೆ, ಹೊಡೆತ ಬಡಿತವಾಗಿದ್ದರೆ ‘ಇಬ್ಬರೇ ಇರುವಾಗ ಮಾತನಾಡು’ ಎಂಬ ಹೆಜ್ಜೆ ಅಲ್ಲಿ ಸಲ್ಲದು. ನೊಂದವರನ್ನು ಮೊದಲು ಸುರಕ್ಷಿತ ಜಾಗಕ್ಕೆ ಸೇರಿಸಿ, ಪೊಲೀಸರಿಗೆ ತಿಳಿಸಿ. ಕೇಡು ಮಾಡುವವನನ್ನು ದಂಡಿಸಲು ದೇವರೇ ಅಧಿಕಾರಿಗಳನ್ನು ಇಟ್ಟಿದ್ದಾನೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯ ಹೇಳುತ್ತದೆ. ಸಭೆಯ ಹೆಸರು ಕೆಡುತ್ತದೆ ಎಂದು ಅಂಥದ್ದನ್ನು ಮುಚ್ಚಿಡುವವರು ಕರ್ತನ ಹೆಸರನ್ನು ಕಾಪಾಡುತ್ತಿಲ್ಲ.

ಕೊನೆಗೆ ಕರ್ತನ ಭೋಜನ. ಕ್ರಿ.ಶ. 303ರಲ್ಲಿ ರೋಮನ್ ಸಾಮ್ರಾಜ್ಯವು ಕ್ರೈಸ್ತರ ಮೇಲೆ ಆರಂಭಿಸಿದ ಹಿಂಸೆಯ ಕಾಲದಲ್ಲಿ ಉತ್ತರ ಆಫ್ರಿಕದ ಕೆಲವು ಧರ್ಮಾಧ್ಯಕ್ಷರು ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಕೊಟ್ಟುಬಿಟ್ಟಿದ್ದರು. ಅಂಥವರ ಕೈಯಿಂದ ಆದ ಸಂಸ್ಕಾರಗಳು ಸಲ್ಲವು ಎಂದು ದೊನಾತಿಸ್ತರು ಎಂಬ ಗುಂಪಿನವರು ಬೇರೆಯಾದರು. ಆ ಒಡಕು ಒಂದು ಶತಮಾನಕ್ಕೂ ಮೀರಿ ಎಳೆಯಿತು. ಅಲ್ಲಿನ ಧರ್ಮಾಧ್ಯಕ್ಷ ಅಗಸ್ಟೀನರು ಕೊಟ್ಟ ಉತ್ತರ ಇಂದಿಗೂ ಸಾಕು: ಪೇತ್ರನು ದೀಕ್ಷಾಸ್ನಾನ ಮಾಡಿಸಿದರೂ ಮಾಡಿಸುವವನು ಕ್ರಿಸ್ತನೇ, ಯೇಸುವನ್ನು ಹಿಡಿದುಕೊಟ್ಟ ಯೂದನು ಮಾಡಿಸಿದರೂ ಕ್ರಿಸ್ತನೇ. ರೊಟ್ಟಿ ನಿಮ್ಮ ಸಭಾಪಾಲಕರದ್ದಲ್ಲ. ತನ್ನನ್ನು ತಾನು ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ ಎಂದು ಪೌಲನು ಬರೆದನು. ಪರೀಕ್ಷಿಸಿಕೊಂಡು ದೂರ ನಿಲ್ಲಲಿ ಎಂದು ಬರೆಯಲಿಲ್ಲ. ಕೈ ಚಾಚಿ ತೆಗೆದುಕೊಳ್ಳಿ. ಅದಕ್ಕೆ ಮೊದಲೇ ಅವರನ್ನು ಕಂಡು ಮಾತನಾಡಲು ಆದರೆ ಒಳ್ಳೆಯದು, ಆಗದಿದ್ದರೆ ಭೇಟಿಗೆ ಒಂದು ದಿನವನ್ನಾದರೂ ಕೇಳಿ.

ಇನ್ನೊಂದು ಮಾತು. ಇಷ್ಟು ದೊಡ್ಡ ಪತ್ರದಲ್ಲಿ ಆ ವೃದ್ಧೆಯ ಮನೆಗೆ ಯಾರಾದರೂ ಹೋದರೇ ಎಂಬುದಿಲ್ಲ. ಅವರ ವಿಷಯವನ್ನು ಕೂಟದಲ್ಲಿ ಹೇಳಿದಿರಿ, ಹಿರಿಯರು ಕೇಳಿಸಿಕೊಂಡರು, ನನಗೂ ಬರೆದಿರಿ. ಅವರು ಮಾತ್ರ ಒಬ್ಬರೇ ಉಳಿದರು. ಶನಿವಾರ ಸಂಜೆ ಹೋಗಿ. ಸಭಾಪಾಲಕರ ಬಗ್ಗೆ ಏನೂ ಮಾತನಾಡಬೇಡಿ, ಅವರು ಹೇಳುವುದನ್ನು ಕೇಳಿ, ಹೊರಡುವ ಮುನ್ನ ಅವರೊಂದಿಗೆ ಒಂದು ಕೀರ್ತನೆ ಓದಿ. ಭಾನುವಾರ ಬರಲು ಅಂಜಿದರೆ ನೀವೇ ಮನೆಗೆ ಹೋಗಿ ಕರೆದುಕೊಂಡು ಬನ್ನಿ. ಅವರ ಹೆಜ್ಜೆ ನಿಧಾನ, ತಡವಾದರೂ ಆದೀತು. ಆಗ ಇಬ್ಬರೂ ಒಟ್ಟಿಗೇ ತಡವಾಗಿ ಒಳಗೆ ಬನ್ನಿ, ಅವರ ಪಕ್ಕದಲ್ಲೇ ಕುಳಿತುಕೊಳ್ಳಿ.